ಬುತ್ತಿಗೆ ಕಟ್ಟಿದ ಬಿಳಿ ದಾರ

ಮಾನ್ಯರೇ,

ಕಳೆದ ಮಾರ್ಚ್ ತಿಂಗಳ ಎರಡನೆಯ ಗುರುವಾರ ಬೆಳಿಗ್ಗೆ, ಇಳಕಲ್ಲಿನ ನಿಮ್ಮ ಬಸ್ ಪಾರ್ಸೆಲ್ ಕೌಂಟರಿನಲ್ಲಿ, ಒಂದು ರೊಟ್ಟಿಬುತ್ತಿಗೆ ಕಟ್ಟಿದ್ದ ಗೇಣುದ್ದದ ಬಿಳಿ ದಾರವನ್ನು ಕತ್ತರಿಸಿ ಬಿಸಾಕಲಾಯಿತು. ಆ ದಾರ ಮುಟ್ಟಬೇಕಾದಲ್ಲಿಗೆ ಮುಟ್ಟಿದ್ದರೆ ಒಬ್ಬ ಮಗಳು ತನ್ನ ತಂದೆಯ ಮುಖವನ್ನು ಜೀವ ಇರುವಾಗಲೇ ನೋಡುತ್ತಿದ್ದಳು. ಅದು ಆಗಲಿಲ್ಲ. ಆಗದ್ದನ್ನು ಮಾಡಿಕೊಡಿ ಎಂದು ಕೇಳುವಷ್ಟು ದಡ್ಡ ನಾನಲ್ಲ. ನನ್ನ ಅಹವಾಲು ಅದಕ್ಕಿಂತ ಬಹಳ ಸಣ್ಣದು. ಆ ಮಗಳ ತಾಯಿ ಅಂದಿನಿಂದ ಇಂದಿನವರೆಗೆ, ಐದು ತಿಂಗಳಿಂದ, ಮಗಳ ಜೊತೆ ಒಂದು ಮಾತೂ ಆಡಿಲ್ಲ. ದಾರ ಕತ್ತರಿಸಿದ್ದು ನಾವೇ ಎಂದು ನಿಮ್ಮ ಕಚೇರಿ ಒಂದು ಸಾಲು ಬರೆದುಕೊಟ್ಟರೆ ಆಡುತ್ತಾಳೆ. ಮೂರು ಸಲ ಕೇಳಿದೆ, ನೀವು ಕೊಡಲಿಲ್ಲ. ನಾಲ್ಕನೆಯ ಸಲ ಊರೆಲ್ಲ ಓದಲಿ ಎಂದು ಬಹಿರಂಗವಾಗಿ ಕೇಳುತ್ತಿದ್ದೇನೆ.

ನಾನು ಯಾರು ಎಂಬ ಪ್ರಶ್ನೆ ಬರಬಹುದು. ನಿಮ್ಮ ಕಡತದಲ್ಲಿ ನಾನೊಂದು ದೂರು ಸಂಖ್ಯೆ. ಕಡತದ ಹೊರಗೆ, ಹುನಗುಂದ ಮತ್ತು ಇಳಕಲ್ಲಿನ ಹೈಸ್ಕೂಲುಗಳಲ್ಲಿ ಮೂವತ್ತಮೂರು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದ ಮಾಸ್ತರ. ಹುಟ್ಟಿದ್ದು ಹಳೆಯ ಬಾಗಲಕೋಟೆಯಲ್ಲಿ. ಅಣೆಕಟ್ಟೆಯ ನೀರು ಊರಿಗೆ ಬಂದಾಗ ನನ್ನ ಅಣ್ಣಂದಿರು ಹೊಸ ಬಾಗಲಕೋಟೆಯಾದ ನವನಗರದ ಸೆಕ್ಟರುಗಳಿಗೆ ಹೋದರು, ನಾನು ನೌಕರಿ ಇದ್ದಲ್ಲಿಯೇ ಉಳಿದೆ. ಇಂಗ್ಲಿಷಿನ ಮೇಲೆ ನನಗೆ ಸಿಟ್ಟಿಲ್ಲ, ಅದು ನನಗೆ ಅನ್ನ ಹಾಕಿದೆ. ಸಿಟ್ಟಿರುವುದು ನಿಮ್ಮ ಮೇಲೆ, ಮತ್ತು ನಿಮ್ಮ ಮಾತು ಕೇಳಿದ ನನ್ನ ಮೇಲೆ.

ಹೋದ ವರ್ಷ ನಿಮ್ಮ ಬಸ್ಸುಗಳ ಹಣೆಯ ಮೇಲೆ ಮಿಂಚುವ ಅಕ್ಷರಗಳು ಬಂದವು, ಬರೀ ಇಂಗ್ಲಿಷಿನಲ್ಲಿ. ಕೌಂಟರುಗಳಲ್ಲಿ ಫಾರ್ಮುಗಳು ಬಂದವು, ಅವೂ ಇಂಗ್ಲಿಷಿನಲ್ಲಿ. ಜನ ತಕರಾರು ಮಾಡಿದರು. ಬೋರ್ಡಿಗೆ ಎರಡು ಸಾಲು ಕನ್ನಡ ಹಾಕಿಸಿದ್ದರೆ ಮುಗಿಯುತ್ತಿತ್ತು. ನಿಮ್ಮ ಕಚೇರಿಗೆ ಮಾತ್ರ ಬೋರ್ಡು ಬದಲಿಸುವುದಕ್ಕಿಂತ ಜನರನ್ನೇ ಬದಲಿಸುವುದು ಸಲೀಸು ಅನ್ನಿಸಿತು. ಹಾಗಾಗಿ ‘ಪ್ರಯಾಣಕ್ಕೆ ಅರವತ್ತು ಇಂಗ್ಲಿಷ್ ಶಬ್ದಗಳು’ ಎಂಬ ಬಣ್ಣದ ಪುಸ್ತಿಕೆ ಬಂತು. ಅದನ್ನು ಪ್ರಯಾಣಿಕರಿಗೆ ಕಲಿಸಲು ನಿವೃತ್ತ ಶಿಕ್ಷಕರು ಸ್ವಯಂಪ್ರೇರಣೆಯಿಂದ ಮುಂದೆ ಬರಬೇಕೆಂದು ಆದೇಶವೂ ಬಂತು. ಸ್ವಯಂಪ್ರೇರಣೆಗೆ ಆದೇಶ ಹೊರಡಿಸಬಹುದೆಂದು ನಾನು ಆವತ್ತೇ ಕಲಿತೆ. ಹೋದೆ. ಹೋಗದೆ ಏನು ಮಾಡಲಿ, ಮನೆಯಲ್ಲಿ ಕೂತು ಕೂತು ಬೇಸತ್ತಿದ್ದೆ. ಮತ್ತೆ ಹಲಗೆಯ ಮುಂದೆ ನಿಲ್ಲುವ ಆಸೆ ಮಾಸ್ತರನಿಗೆ ಸಾಯುವತನಕ ಇರುತ್ತದೆ.

ಪುಸ್ತಿಕೆಯಲ್ಲಿ ಟಿಕೆಟ್, ಸ್ಟಾಪ್, ಪ್ಲಾಟ್‌ಫಾರ್ಮ್, ಅರೈವಲ್, ಡಿಪಾರ್ಚರ್, ಡಿಲೇ, ಕ್ಯಾನ್ಸಲ್ ಇದ್ದವು. ಅಷ್ಟು ಒಪ್ಪಿದೆ. ಎಸ್ಕಲೇಟರ್ ಇತ್ತು. ಬೋರ್ಡಿಂಗ್ ಪಾಸ್ ಇತ್ತು. ವಿಮಾನ ನಿಲ್ದಾಣಕ್ಕೆ ದಾರಿ ಕೇಳುವ ವಾಕ್ಯವೂ ಇತ್ತು, ಕೆಳಗೆ ಟೈ ಕಟ್ಟಿದವನ ಚಿತ್ರ. ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಯಾರು ಯಾರನ್ನು ಅದನ್ನು ಕೇಳಬೇಕೋ ನೀವೇ ಬಲ್ಲಿರಿ. ನಾವು ದಿನಾ ಹತ್ತಿಳಿಯುವ ಟಂಟಂ ಇರಲಿಲ್ಲ, ಕ್ರೂಸರ್ ಇರಲಿಲ್ಲ. ನೇಕಾರರ ಸಂಘದ ಹಾಲ್‌ನಲ್ಲಿ ರವಿವಾರ ಮಧ್ಯಾಹ್ನ ಹದಿನೆಂಟು ಜನ ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಂಡು ಕೂತು ಎಸ್ಕಲೇಟರ್ ಅಂತ ಗಟ್ಟಿಯಾಗಿ ಹೇಳುತ್ತಿದ್ದರು. ಒಂದು ದಿನ ಮುಂದಿನ ಸಾಲಿನಲ್ಲಿದ್ದವಳು ಎದ್ದು ನಿಂತು ಕೇಳಿದಳು.

“ಸರ, ಈ ಅರವತ್ತರಾಗ ‘ಇದನ್ನ ನನ್ನ ಮಗಳ ಕೈಯಾಗ ಕೊಡ್ರಿ’ ಅನ್ನೂದು ಎಲ್ಲೈತ್ರಿ?”

ಹುಡುಕಿದೆ. ಇರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅವಳ ಹೆಸರು ಮಾದೇವಿ. ಗಂಡ ತಿಮ್ಮಣ್ಣ, ನೆಲದ ತಗ್ಗಿನಲ್ಲಿ ಕೂತು ನೇಯುವ ಕುಣಿ ಮಗ್ಗದ ನೇಕಾರ. ಒಬ್ಬಳೇ ಮಗಳು ಕಸ್ತೂರಿ, ನವನಗರದಲ್ಲಿ ನರ್ಸಿಂಗ್ ಓದುತ್ತಿದ್ದಳು. ಮಾದೇವಿ ನನ್ನ ವರ್ಗಕ್ಕೆ ಬರಲು ಒಂದು ಕಾರಣವಿತ್ತು. ಮಗಳಿಗೆ ಸೀಟು ಸಿಕ್ಕರೆ ಬನಶಂಕರಿಗೆ ಕಾಯಿ ಒಡೆಸುತ್ತೇನೆಂದು ಹರಕೆ ಹೊತ್ತಿದ್ದಳು. ವರ್ಷಗಟ್ಟಲೆ ಉಳಿದಿದ್ದ ಅದನ್ನು ತೀರಿಸಲು ಬಾದಾಮಿ ಹತ್ತಿರದ ಚೊಳಚಗುಡ್ಡಕ್ಕೆ ಹೊರಟು, ನವನಗರದಲ್ಲಿ ಮಿಂಚುವ ಅಕ್ಷರಗಳ ಬಸ್ಸಿಗೆ ಹತ್ತಿ, ಬಾದಾಮಿಗೆ ಹೋಗುವ ಬದಲು ಕುಳಗೇರಿ ಕ್ರಾಸಿನಲ್ಲಿ ಇಳಿದಿದ್ದಳು. ಅಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ತೆಂಗಿನಕಾಯಿ ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನವೆಲ್ಲ ಕೂತಿದ್ದಳಂತೆ. ನಾಲ್ಕನೆಯ ಇಯತ್ತೆವರೆಗೆ ಕನ್ನಡ ಸಾಲಿ ಕಲಿತವಳು, ಕೂಡಿಸಿ ಕೂಡಿಸಿ ಓದಬಲ್ಲಳು. ಆರು ತಿಂಗಳಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳನ್ನೆಲ್ಲ ಕಲಿತಳು. ಎರಡನೆಯ ಸಲ ಬಾದಾಮಿಗೆ ಒಬ್ಬಳೇ ಹೋಗಿ ಬಂದು, ಪ್ರಸಾದದ ಸಕ್ಕರೆ ನನ್ನ ಕೈಯಲ್ಲಿಟ್ಟು, “ಪ್ಲಾಟ್‌ಫಾರ್ಮ್ ಥ್ರೀ ಅಂತ ಓದಿ ಹತ್ತಿದೆ ಸರ, ಯಾರನ್ನೂ ಕೇಳಲಿಲ್ಲ” ಅಂದಳು. ಮೂವತ್ತಮೂರು ವರ್ಷದಲ್ಲಿ ನನಗೆ ಅಂಥ ಗುರುದಕ್ಷಿಣೆ ಸಿಕ್ಕಿರಲಿಲ್ಲ.

ಇನ್ನು ದಾರದ ವಿಷಯ. ನಿಮ್ಮ ಪುಸ್ತಿಕೆಯಲ್ಲಿ ಇಲ್ಲದ್ದನ್ನು ನಾನು ಸಾವಕಾಶವಾಗಿ ಹೇಳಬೇಕು.

ತಿಮ್ಮಣ್ಣ ಮಗ್ಗದ ಕುಣಿಯಲ್ಲಿ ಕೂತು ನೇಯುತ್ತಿದ್ದ, ಮಾದೇವಿ ಪಕ್ಕದಲ್ಲಿ ಕೂತು ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಕಂಡಿಕೆ ಅಂದರೆ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಕೊಳವೆ. ಮಗ್ಗದ ಸಪ್ಪಳದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಹಾಗಾಗಿ ಒಂದು ಬಣ್ಣದ ನೂಲು ಮುಗಿಯುತ್ತ ಬಂದಾಗ, ಕೊನೆಯ ಕಂಡಿಕೆಗೆ ಅವಳು ಒಂದು ಬಿಳಿ ದಾರ ಕಟ್ಟಿ ಕೊಡುತ್ತಿದ್ದಳು. ಇದು ಕಡೆಯದು, ಇದರ ಹಿಂದೆ ಇನ್ನೊಂದಿಲ್ಲ, ಕೈ ನಿಲ್ಲಿಸಿ ಏಳು ಎಂದು ಅರ್ಥ. ಆ ಮನೆಯಲ್ಲಿ ಇಪ್ಪತ್ತೈದು ವರ್ಷ ನಡೆದ ಭಾಷೆ ಇದು. ಕಸ್ತೂರಿ ಅದರೊಳಗೇ ಬೆಳೆದಳು. ಮಗಳು ಕಾಲೇಜಿಗೆ ಹೋದ ಮೇಲೆ ಮಾದೇವಿ ಅದನ್ನೇ ಬುತ್ತಿಗೂ ತಂದಳು. ಬುತ್ತಿ ಅರಿವೆಯ ಗಂಟಿನ ಮೇಲೆ ಸೀರೆ ದಡಿಯ ಕೆಂಪು ದಾರ ಇದ್ದರೆ ಮನೆಯಲ್ಲಿ ಎಲ್ಲ ಆರಾಮ. ಬಿಳಿ ದಾರ ಬಂದರೆ ಕೈಯಲ್ಲಿದ್ದುದನ್ನು ಬಿಟ್ಟು ಬಾ.

ನಮ್ಮ ಕಡೆ ಬುತ್ತಿ ಬಸ್ಸಿನಲ್ಲಿ ಹೋಗುವುದು ನಿಮಗೆ ಗೊತ್ತಿರಲಿಕ್ಕಿಲ್ಲ, ನಿಮ್ಮ ಊಟ ನಿಮ್ಮ ಮೇಜಿಗೆ ಬರುತ್ತಿರಬಹುದು. ಓದುವ ಮಕ್ಕಳಿಗೆ ತಾಯಂದಿರು ಮುಂಜಾನೆ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಕಟ್ಟಿ ಮೊದಲ ಬಸ್ಸಿನಲ್ಲಿ ಇಟ್ಟು ಕಳಿಸುತ್ತಾರೆ. ಇಳಕಲ್ಲಿನ ಆರೂವರೆ ಬಸ್ಸಿನ ಕಂಡಕ್ಟರ್ ಮುರ್ತುಜಸಾಬ. ಅವನು ಯಾವ ಬುತ್ತಿಯ ಮೇಲೂ ಹೆಸರು ಓದಿದವನಲ್ಲ. ಅರಿವೆ ನೋಡಿ ಇದು ಯಾರ ಮನೆಯದೆಂದು ಹೇಳುತ್ತಿದ್ದ. ಮೂರು ವರ್ಷದ ಹಿಂದೆ ತಿಮ್ಮಣ್ಣನ ತಾಯಿ ಹಾಸಿಗೆ ಹಿಡಿದಾಗ ಮಾದೇವಿ ಬಿಳಿ ದಾರ ಕಟ್ಟಿ ಕಳಿಸಿದ್ದಳು. ನವನಗರದ ಬಸ್‌ಸ್ಟ್ಯಾಂಡಿನಲ್ಲಿ ಮುರ್ತುಜಸಾಬ ಬುತ್ತಿ ಕೊಡುತ್ತ, “ಯವ್ವಾ, ಇವತ್ತ ದಾರ ಬ್ಯಾರೆ ಐತಿ, ನೋಡು” ಅಂದನಂತೆ. ಆ ದಾರದ ಅರ್ಥ ಅವನಿಗೆ ಯಾರೂ ಹೇಳಿರಲಿಲ್ಲ. ದಿನಾ ನೋಡಿ ಗೊತ್ತಿತ್ತು, ಅಷ್ಟೆ. ಕಸ್ತೂರಿ ಅದೇ ಬಸ್ಸಿಗೆ ವಾಪಸ್ ಬಂದು ಅಜ್ಜಿಯ ಬಾಯಿಗೆ ನೀರು ಬಿಟ್ಟಳು.

ಮುರ್ತುಜಸಾಬನಂಥವರ ಕೈಯಿಂದ ಬುತ್ತಿ ಕಸಿದು ಕೌಂಟರಿಗೆ ಕೊಟ್ಟದ್ದು ನಿಮ್ಮ ಸುಧಾರಣೆ. ಕಂಡಕ್ಟರ್ ಒಂದು ಗಂಟು ಮುಟ್ಟಿದರೂ ಮೆಮೊ. ಎಲ್ಲವೂ ಫಾರ್ಮ್ ತುಂಬಿ ಹೋಗಬೇಕು. ಹೊರಗಿನ ಹಗ್ಗ, ದಾರ, ಗಂಟು ತೆಗೆದು, ನೀಲಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಸ್ಟಿಕರ್ ಅಂಟಿಸಬೇಕು. ಎಲ್ಲ ಪಾರ್ಸೆಲ್ಲೂ ಒಂದೇ ತರಹ ಕಾಣಬೇಕಂತೆ. ಯಾಕೆ ಕಾಣಬೇಕು, ಮಾನ್ಯರೇ? ಮಾದೇವಿಯ ರೊಟ್ಟಿಯೂ ಮೋಟರಿನ ಬಿಡಿಭಾಗವೂ ಒಂದೇ ತರಹ ಕಂಡರೆ ಯಾರಿಗೆ ಏನು ಸಿಕ್ಕಿತು? ಕೌಂಟರು ಶುರುವಾದಾಗ ಮಾದೇವಿ ಫಾರ್ಮಿಗೆ ಹೆದರಿ ಬುತ್ತಿಯ ರೂಢಿಯನ್ನೇ ಬಿಟ್ಟುಬಿಟ್ಟಿದ್ದಳು. ಮಗಳು ಹಾಸ್ಟೆಲಿನಲ್ಲಿ ಉಣ್ಣತೊಡಗಿದಳು. ಹಾಗಾಗಿ ನಿಮ್ಮ ಕವರಿನ ನಿಯಮದ ಬಿಸಿ ಅವಳಿಗೆ ತಟ್ಟಿರಲಿಲ್ಲ, ಆ ಗುರುವಾರದತನಕ.

ಫೆಬ್ರುವರಿಯಲ್ಲಿ ತಿಮ್ಮಣ್ಣನ ಎದೆ ಕೆಟ್ಟಿತು. ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಗುತ್ತಿರಲಿಲ್ಲ. ಊರಿನ ಡಾಕ್ಟರು ಬಾಗಲಕೋಟೆಗೆ ಕರೆದುಕೊಂಡು ಹೋಗಿ ಅಂದರು. ತಿಮ್ಮಣ್ಣ ಒಪ್ಪಲಿಲ್ಲ. ಮಗಳ ಕೊನೆಯ ಪರೀಕ್ಷೆ ನಡೆದಿತ್ತು. ಅಲ್ಲಿನ ದವಾಖಾನೆಗಳಿಗೆ ನರ್ಸಿಂಗ್ ಹುಡುಗಿಯರು ಬಂದು ಹೋಗಿ ಮಾಡುತ್ತಾರೆ, ಯಾರಾದರೂ ನೋಡಿ ಅವಳಿಗೆ ಹೇಳಿಬಿಡುತ್ತಾರೆಂದು ಅವನ ಲೆಕ್ಕ. ನಾನು ಮಾತಾಡಿಸಲು ಹೋದಾಗ ಹಾಸಿಗೆಯ ಮೇಲೆ ಒರಗಿ ಕೂತು ಹೆಂಡತಿಗೆ ಹೇಳುತ್ತಿದ್ದ.

“ಸೋಮವಾರ ಪರೀಕ್ಷಾ ಮುಗೀತೈತಿ. ಮಂಗಳವಾರ ಬೇಕಾದ ದವಾಖಾನಿಗೆ ಹೋಗೂಣು. ಅಲ್ಲೀತನಕ ನಿನ್ನ ಬಾಯಿಂದ ಒಂದ ಮಾತ ಹೋತಂದ್ರ ನನ್ನ ಆಣಿ ಐತಿ.”

“ಹಂಗಂದ್ರ ಹೆಂಗ? ಆಕಿ ನನ್ನ ಕೇಳೂದಿಲ್ಲೇನು ನಾಳಿ?” ಅಂದಳು ಮಾದೇವಿ.

“ಕೇಳಿದ್ರ ಕೇಳಲಿ. ಅಪ್ಪ ಹೇಳಿದ್ದ ಅನ್ನು.”

ಮನೆಯಲ್ಲಿದ್ದದ್ದು ಒಂದೇ ಮೊಬೈಲು. ಅದು ಅವನ ತಲೆದಿಂಬಿನ ಕೆಳಗೆ. ಮಗಳು ಸಂಜೆ ಫೋನು ಮಾಡಿದರೆ ಸ್ಪೀಕರ್ ಹಾಕಿ ತಾನೇ ಮಾತಾಡುತ್ತಿದ್ದ, ಉಸಿರು ಹಿಡಿದು, ಎರಡೇ ಮಾತು. ಮಾದೇವಿ ಆಣೆ ಮುರಿಯುವ ಹೆಣ್ಣಲ್ಲ. ನೆರೆಯವರ ಫೋನಿನಿಂದ ಹೇಳಿದರೂ ಆಡಿದಂತೆಯೇ, ಚೀಟಿ ಬರೆದರೂ ಆಡಿದಂತೆಯೇ ಅಂದುಕೊಂಡಳು. ದಾರಕ್ಕೆ ಬಾಯಿ ಇಲ್ಲವಲ್ಲ. ಗುರುವಾರ ಬೆಳಿಗ್ಗೆ ಎದ್ದು ರೊಟ್ಟಿ ಬಡಿದಳು, ಹಳೆಯ ಅರಿವೆಯಲ್ಲಿ ಬುತ್ತಿ ಕಟ್ಟಿದಳು, ಗಂಟಿನ ಮೇಲೆ ಬಿಳಿ ದಾರ ಕಟ್ಟಿದಳು. ಸೀದಾ ಮುರ್ತುಜಸಾಬನ ಹತ್ತಿರ ಹೋದಳು. ಅವನು ನೆಲ ನೋಡುತ್ತ ಹೇಳಿದ.

“ಯವ್ವಾ, ನನ್ನ ಕೈ ಕಟ್ಟ್ಯಾರ. ಹೋದ ತಿಂಗಳs ಒಂದು ಮೆಮೊ ಆಗೇತಿ. ಕೌಂಟರಿಗೆ ಕೊಡು, ಇದs ಗಾಡಿಗೆ ಬರ್ತೈತಿ.”

ನಾನು ಆ ಹೊತ್ತಿನಲ್ಲಿ ಪೇಪರ್ ತರಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಕೌಂಟರಿನ ಮುಂದೆ ಮಾದೇವಿ ಪೆನ್ನು ಹಿಡಿದು ನಿಂತದ್ದು ಕಂಡಿತು. ಅವಳು ಫ್ರಮ್ ಎಂಬಲ್ಲಿ ಇಳಕಲ್ಲ, ಟು ಎಂಬಲ್ಲಿ ನವನಗರ ಎಂದು ಇಂಗ್ಲಿಷಿನಲ್ಲಿ ತಾನೇ ಬರೆದಳು. ನಡುನಡುವೆ ಬಸ್ಸಿನ ಕಡೆ ತಿರುಗಿ ನೋಡುತ್ತಿದ್ದಳು. ನಾನು ಅದನ್ನು ಮೊದಲ ಸಲ ಬರೆಯುವವರ ಅಳುಕೆಂದುಕೊಂಡೆ. ನನಗೆ ಎಷ್ಟು ಹೆಮ್ಮೆ ಆಯಿತೆಂದರೆ, ನಿಂತವರಿಗೆಲ್ಲ ಇವಳು ನನ್ನ ವಿದ್ಯಾರ್ಥಿನಿ ಎಂದು ಹೇಳಿದೆ. ಕೆಳಗೊಂದು ಸಾಲಿನಲ್ಲಿ ರಿಪ್ಯಾಕಿಂಗ್ ಎಂದಿತ್ತು, ಮುಂದೆ ಒಂದು ಚೌಕ. ಒಂದೇ ಚೌಕ. ಬೇಡ ಎನ್ನುವವರಿಗೆ ಚೌಕವಿರಲಿಲ್ಲ. ಉತ್ತರಕ್ಕೆ ಜಾಗವಿಡದೆ ಪ್ರಶ್ನೆ ಕೇಳುವ ಕಲೆಯನ್ನು ನಿಮ್ಮ ಕಚೇರಿಯಿಂದಲೇ ಕಲಿಯಬೇಕು. ಅವಳು ನನ್ನನ್ನು ಕೇಳಿದಳು.

“ಇದೇನ್ರಿ ಸರ?”

“ಬುತ್ತಿನ ಸ್ವಚ್ಛ ಕವರಿನ್ಯಾಗ ಹಾಕ್ತಾರ. ಟಿಕ್ ಮಾಡು. ರೊಟ್ಟಿಗೆ ಧೂಳ ಹತ್ತಂಗಿಲ್ಲ” ಅಂದೆ.

“ಗಂಟ ಬಿಚ್ಚತಾರೇನ್ರಿ?”

“ಯಾಕ ಬಿಚ್ಚತಾರ, ಹಂಗs ಹಾಕ್ತಾರ” ಅಂದೆ. ಗೊತ್ತಿಲ್ಲದೆ ಅಂದೆ. ಮಾಸ್ತರಿಕೆಯ ಚಟ ಅದು, ಗೊತ್ತಿಲ್ಲ ಅನ್ನಲು ಬಾಯಿ ಬರುವುದಿಲ್ಲ. ಅವಳು ಟಿಕ್ ಮಾಡಿದಳು. ಅವಳ ನಂಬರು ಗಂಡನ ದಿಂಬಿನ ಕೆಳಗಿತ್ತಲ್ಲ, ಫಾರ್ಮಿನಲ್ಲಿ ನನ್ನ ಮೊಬೈಲ್ ನಂಬರು ಕೊಟ್ಟೆ. ಆ ಬಿಳಿ ದಾರವನ್ನು ನಾನು ಕಣ್ಣಾರೆ ನೋಡಿದೆ, ಮಾನ್ಯರೇ. ದಾರ ಅಂತಲೇ ನೋಡಿದೆ.

ಒಂಬತ್ತು ಗಂಟೆಗೆ ನನ್ನ ಮೊಬೈಲಿಗೆ ನಿಮ್ಮ ಮೆಸೇಜ್ ಬಂತು. ಡೆಲಿವರ್ಡ್ ಇನ್ ಗುಡ್ ಕಂಡಿಶನ್, ಇಂಟ್ಯಾಕ್ಟ್. ಖುಷಿಯಿಂದ ಅವಳ ಮನೆಗೇ ಹೋಗಿ ಓದಿ ಹೇಳಿದೆ. “ಮುಟ್ಟೇದವ್ವ. ನೀ ಕೊಟ್ಟಾಂಗ, ಇದ್ದದ್ದು ಇದ್ದಾಂಗ ಮುಟ್ಟೇದ.” ಅವಳು ಬಾಗಿಲ ಹೊಸ್ತಿಲ ಮೇಲೆ ಕುಸಿದು ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು. ಒಂದು ಬುತ್ತಿಗೆ ಇಷ್ಟೇಕೆ ಎಂದು ನನಗೆ ಅನ್ನಿಸಿತು, ಕೇಳಲಿಲ್ಲ.

ಆವತ್ತು ಮಧ್ಯಾಹ್ನದ ಬಸ್ಸಿಗೆ ಅವಳು ಮಗಳನ್ನು ಎದುರುಗೊಳ್ಳಲು ಹೋದಳು. ಸಂಜೆಯ ಬಸ್ಸಿಗೂ ಹೋದಳು. ಶುಕ್ರವಾರ ಮೂರು ಬಸ್ಸಿಗೆ ಹೋದಳು. ಶುಕ್ರವಾರ ಸಂಜೆ ಕಸ್ತೂರಿಯ ಫೋನು ಬಂತು, ಎಂದಿನಂತೆ ಸ್ಪೀಕರಿನಲ್ಲಿ. ಭಾಳ ದಿನಕ್ಕೆ ಬುತ್ತಿ ಬಂತು, ರೊಟ್ಟಿ ಗೆಳತಿಯರಿಗೂ ಕೊಟ್ಟೆ ಅಂದಳು. ಮಾದೇವಿ ಫೋನಿನ ಹತ್ತಿರ ಬಂದು ನಿಂತಳು. “ಸೋಮವಾರ ಕಡೀ ಪೇಪರ್ ಐತವ್ವ. ಮುಗಿಸಿಕೊಂಡ ಬರ್ತೇನಿ” ಅಂದಳು ಮಗಳು. ತಿಮ್ಮಣ್ಣನ ಮುಖದಲ್ಲಿ ನೆಮ್ಮದಿ ಕಂಡಿತಂತೆ. ಮಾದೇವಿ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಮಗಳು ಬಿಳಿ ದಾರ ನೋಡಿಯೂ ಪರೀಕ್ಷೆ ಮುಗಿಸಿ ಬರುತ್ತೇನೆ ಅಂದಳು ಎಂದು ಆ ತಾಯಿಗೆ ಅರ್ಥವಾಯಿತು. ಬೇರೆ ಅರ್ಥವಾಗಲು ದಾರಿಯಾದರೂ ಎಲ್ಲಿತ್ತು? ಇದ್ದದ್ದು ಇದ್ದಂತೆ ಮುಟ್ಟಿದೆ ಎಂದು ಇಂಗ್ಲಿಷ್ ಮಾಸ್ತರನೇ ಬಂದು ಹೇಳಿ ಹೋಗಿದ್ದನಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ತಿಮ್ಮಣ್ಣ ತೀರಿಕೊಂಡ. ಹೋಗುವ ಮುಂಚೆ ಎರಡು ಸಲ ಕಸ್ತೂರಿ ಎಲ್ಲಿ ಅಂದನಂತೆ. ಅಲ್ಲಿತನಕ ಬೇಡ ಬೇಡ ಅಂದವನು, ಕಡೆಗೆ ಕೇಳಿದ. ನೆರೆಯವರು ಫೋನು ಮಾಡಿದರು. ಕಸ್ತೂರಿ ಬಸ್ಸಿಗೆ ಕಾಯದೆ, ಅಮೀನಗಡದ ಕಡೆ ಹೊರಟಿದ್ದ ಕ್ರೂಸರೊಂದಕ್ಕೆ ಹತ್ತಿ, ಅಲ್ಲಿಂದ ಹುನಗುಂದಕ್ಕೆ, ಹುನಗುಂದದಿಂದ ಟಂಟಂ ಹಿಡಿದು ಎರಡು ತಾಸಿನೊಳಗೆ ಮನೆ ಮುಟ್ಟಿದಳು. ಬರೀ ಎರಡು ತಾಸಿನ ದಾರಿ. ಗುರುವಾರದಿಂದ ಶನಿವಾರದವರೆಗೆ ಅವಳು ಎಷ್ಟು ಸಲ ಬಂದು ಹೋಗಬಹುದಿತ್ತು ಎಂದು ನಾನು ಲೆಕ್ಕ ಹಾಕುತ್ತ ಕೂತಿರುತ್ತೇನೆ, ಸರಸ್ವತೀಬಾಯಿ, ಅಂದರೆ ನನ್ನ ಹೆಂಡತಿ, ಸಾಕು ಮಾಡ್ರಿ ಅನ್ನುತ್ತಾಳೆ.

ಕಸ್ತೂರಿ ತಂದೆಯ ಕಾಲು ಹಿಡಿದು ಅತ್ತು, ತಾಯಿಯ ಕಡೆ ತಿರುಗಿ ತೋಳು ಚಾಚಿದಳು. ಮಾದೇವಿ ಹಿಂದೆ ಸರಿದಳು. ಮನೆ ತುಂಬ ಜನರಿದ್ದರು, ನಾನೂ ಇದ್ದೆ.

“ಬಿಳೀ ದಾರ ನೋಡಿ ರೊಟ್ಟಿ ತಿಂದೇನs?”

“ಯಾವ ದಾರಬೇ? ದಾರ ಇರಲಿಲ್ಲವ್ವಾ. ನೀಲಿ ಕವರ್ ಬಂತು, ಅದರಾಗ ರೊಟ್ಟಿ ಇದ್ದು.”

“ಸರ್ ಓದಿ ಹೇಳ್ಯಾರ. ಇದ್ದಂಗ ಮುಟ್ಟೈತಿ ಅಂತ.”

ಎಲ್ಲರೂ ನನ್ನ ಕಡೆ ನೋಡಿದರು. ಆಗ ನನಗೆ ಆ ದಾರ ಏನೆಂದು ತಿಳಿಯಿತು. ಸರ್ ಓದಿ ಹೇಳ್ಯಾರ ಅಂದದ್ದೇ ಮಾದೇವಿ ಮಗಳ ಜೊತೆ ಆಡಿದ ಕಡೆಯ ಮಾತು. ತಿಮ್ಮಣ್ಣನ ಮಣ್ಣಾಯಿತು. ಯಾವ ಪರೀಕ್ಷೆಗಾಗಿ ಅವನು ಎಲ್ಲರ ಬಾಯಿ ಕಟ್ಟಿದನೋ ಆ ಸೋಮವಾರದ ಪೇಪರನ್ನು ಕಸ್ತೂರಿ ಬರೆಯಲೇ ಇಲ್ಲ.

ಮೂರನೆಯ ದಿನ ನಾನು ಮಾದೇವಿಯ ಮುಂದೆ ಕೈಮುಗಿದು ನಿಂತು, ಟಿಕ್ ಮಾಡು ಅಂದವನು ನಾನು, ತಪ್ಪು ನನ್ನದು, ದಾರ ಕೌಂಟರಿನಲ್ಲಿಯೇ ಹೋಗಿದೆ ಎಂದು ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನೀವು ದೊಡ್ಡವರದೀರಿ ಸರ. ನಮ್ಮ ಮನಿ ಕೂಡ್ಲಿ ಅಂತ ತಪ್ಪ ನಿಮ್ಮ ಮ್ಯಾಲ ಹಾಕ್ಕೊಳಾಕ ಹತ್ತೀರಿ. ಆಫೀಸಿನವ್ರು ಬರೇ ಸುಳ್ಳ ಬರೀತಾರೇನ್ರಿ, ಅದೂ ಇಂಗ್ಲಿಷಿನ್ಯಾಗ? ನನಗೂ ಆಕಿನ ತೆಕ್ಕಿ ಬಡದು ಅಳಬೇಕಾಗೇತಿ. ದಾರ ಮುಟ್ಟಿಲ್ಲ ಅಂತ ಅವರ ಕಡೆಯಿಂದ ಬರಸ್ಕೊಂಡ ಬರ್ರಿ. ಆವತ್ತs ಬಾ ಮಗಳ ಅಂತೇನಿ.”

ಹೀಗೆ ನಾನು ನಿಮ್ಮ ಬಾಗಿಲಿಗೆ ಬಂದೆ. ಕೌಂಟರಿನಲ್ಲಿ ಕೂರುವ ಹುಡುಗ ವಿಕ್ರಮ, ಒಳ್ಳೆಯವನೇ. “ದಿನಾ ಮೂವತ್ತು ನಾಲ್ವತ್ತು ಗಂಟ ಬಿಚ್ಚತೇನ್ರಿ ಸರ, ಕತ್ರಿ ತಗೊಂಡ ಕತ್ತರಸ್ತೇನಿ. ಆ ದಾರ ನೆನಪಿಲ್ಲ, ಆದ್ರ ಕತ್ತರಸೇ ಇರ್ತೇನಿ. ಬರದ ಕೊಡಂದ್ರ ನೌಕರಿ ಹೋಗ್ತೈತ್ರಿ” ಅಂದ. ಅವನ ಮೇಲೆ ನನ್ನ ದೂರಿಲ್ಲ, ಅವನಿಗೆ ಏನೂ ಮಾಡಬೇಡಿ. ನಿಮಗೆ ಬರೆದೆ. ನಿಮ್ಮ ಉತ್ತರ ಬಂತು: ದಾಖಲೆಯ ಪ್ರಕಾರ ಪಾರ್ಸೆಲ್ ಸುರಕ್ಷಿತವಾಗಿ ತಲುಪಿದೆ, ದೂರು ಮುಕ್ತಾಯ. ಮತ್ತೆ ಬರೆದೆ. ಅದೇ ಉತ್ತರ, ತಾರೀಖು ಮಾತ್ರ ಬೇರೆ.

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಬರೆದುಕೊಡದಿದ್ದರೆ ಬೇಡ, ಮಾಡಿಯೇ ತೋರಿಸೋಣ ಎಂದು ನವನಗರಕ್ಕೆ ಹೋದೆ. ಅಣ್ಣನ ಮನೆಯಲ್ಲಿ ಒಂದು ಬುತ್ತಿ ಕಟ್ಟಿಸಿ, ಗಂಟಿನ ಮೇಲೆ ಬಿಳಿ ದಾರ ಕಟ್ಟಿ, ಚೌಕಕ್ಕೆ ಟಿಕ್ ಮಾಡಿ, ಮಾದೇವಿಯ ಹೆಸರಿಗೆ ಇಳಕಲ್ಲಿಗೆ ಕಳಿಸಿದೆ. ನಾನೂ ಅದೇ ಬಸ್ಸಿನಲ್ಲಿ ಬಂದೆ. ಮಾದೇವಿಯನ್ನು ಕರೆದುಕೊಂಡು ಕೌಂಟರಿಗೆ ಹೋದೆ. ನೀಲಿ ಕವರ್ ಅವಳ ಕೈಗೆ ಕೊಟ್ಟು, ಈಗ ಬಿಚ್ಚಿ ನೋಡವ್ವ ಅಂದೆ. ಬಿಚ್ಚಿದಳು.

ಒಳಗೆ ಗಂಟು ಗಂಟಿನಂತೆಯೇ ಇತ್ತು. ಬಿಳಿ ದಾರ ಅದರ ಮೇಲೆ ಕಟ್ಟಿದಂತೆಯೇ ಇತ್ತು.

ಏನಾಗಿತ್ತೆಂದು ಆಮೇಲೆ ವಿಕ್ರಮ ಹೇಳಿದ. ನನ್ನ ಎರಡನೆಯ ದೂರು ಮುಟ್ಟಿದ ವಾರವೇ ನಿಮ್ಮ ಕಚೇರಿಯಿಂದ ಎಲ್ಲ ಕೌಂಟರಿಗೆ ಬಾಯಿಮಾತಿನ ಸೂಚನೆ ಹೋಗಿತ್ತಂತೆ, ಇನ್ನು ಮುಂದೆ ಯಾವ ಪಾರ್ಸೆಲ್ಲಿನ ದಾರವನ್ನೂ ಕತ್ತರಿಸಬಾರದೆಂದು. ಬಾಯಿಮಾತು, ಕಾಗದವಿಲ್ಲ. ಅಂದರೆ ಕತ್ತರಿಸುತ್ತಿದ್ದಿರಿ ಎಂಬುದು ನಿಮಗೆ ಗೊತ್ತಿತ್ತು. ತಪ್ಪೆಂಬುದೂ ಗೊತ್ತಿತ್ತು. ತಿದ್ದಿಕೊಂಡಿರಿ, ನನಗೆ ಮಾತ್ರ ತಿಳಿಸಲಿಲ್ಲ. ನಿಮ್ಮ ಕಚೇರಿ ನನ್ನ ಆಯುಷ್ಯದಲ್ಲಿ ಒಂದೇ ಒಂದು ಸಲ ನನ್ನ ದೂರಿಗೆ ಕೆಲಸ ಮಾಡಿತು, ಮತ್ತು ಆ ಒಂದು ಸಲದಿಂದ ಕಸ್ತೂರಿಯನ್ನು ಸುಳ್ಳಿಯನ್ನಾಗಿ ಮಾಡಿತು. ಮಾದೇವಿ ದಾರ ಮುಟ್ಟಿ ನೋಡಿ, “ನೋಡ್ರಿ ಸರ, ಹಂಗs ಐತಿ” ಅಂದಳು. ಬುತ್ತಿಯನ್ನು ನನ್ನ ಕೈಗೆ ವಾಪಸ್ ಕೊಟ್ಟು ಮನೆಗೆ ನಡೆದಳು. ಬಸ್‌ಸ್ಟ್ಯಾಂಡಿನಲ್ಲಿ ಜನರ ನಡುವೆ ನಾನು ಅತ್ತೆ. ಅರವತ್ತಾರು ವರ್ಷದ ಮುದುಕ ಅತ್ತರೆ ಯಾರೂ ಕೇಳುವುದಿಲ್ಲ, ಕಣ್ಣಿಗೆ ಧೂಳು ಬಿದ್ದಿದೆ ಅಂದುಕೊಳ್ಳುತ್ತಾರೆ.

ಮೂರನೆಯ ಸಲ ಬರೆದೆ. ಹೋದ ವಾರ ಉತ್ತರ ಬಂತು, ಮತ್ತೆ ಇಂಗ್ಲಿಷಿನಲ್ಲಿ. ಅದನ್ನು ಒಯ್ಯುವುದೋ ಬಿಡುವುದೋ ಎಂದು ಎರಡು ದಿನ ಇಟ್ಟುಕೊಂಡು, ಕೇಳಿದಳೆಂದು ಒಯ್ದೆ. ಏನ ಬರದಾರ ಅಂದಳು. ಇನ್ನೂ ವಿಚಾರ ಮಾಡಾಕ ಹತ್ಯಾರಂತ ಎಂದು ಸುಳ್ಳು ಹೇಳಿದೆ. ಅವಳು ಕಾಗದ ಇಸಿದುಕೊಂಡು, ಬೆಳಕಿಗೆ ಹಿಡಿದು, ನಡುವಿನ ಒಂದು ಶಬ್ದದ ಕೆಳಗೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ಡೆಲಿವರ್ಡ್.” ಕಾಗದ ಮಡಚಿ ನನ್ನ ಕೈಗಿಟ್ಟಳು. “ಓದಾಕ ಬರ್ತೈತ್ರಿ ಸರ. ನೀವs ಕಲಿಸಿದ್ರಿ.”

ಈಗ ಮಗ್ಗದ ಕುಣಿಯಲ್ಲಿ ಮಾದೇವಿ ಕೂರುತ್ತಾಳೆ. ತಪ್ಪಿದ ಪೇಪರಿಗಾಗಿ ಕಾಲೇಜಿನಲ್ಲೇ ಉಳಿದ ಕಸ್ತೂರಿ ಪ್ರತಿ ರವಿವಾರ ನವನಗರದಿಂದ ಬರುತ್ತಾಳೆ, ಬಂದು ಕಂಡಿಕೆ ಸುತ್ತಿ ಕೊಡುತ್ತಾಳೆ. ತಾಯಿ ಕೈ ಚಾಚಿ ಇಸಿದುಕೊಳ್ಳುತ್ತಾಳೆ, ಮುಖ ನೋಡುವುದಿಲ್ಲ. ಕೊನೆಯ ಕಂಡಿಕೆಗೆ ಬಿಳಿ ದಾರ ಕಟ್ಟಲು ಕಸ್ತೂರಿಗೆ ಈಗ ಕೈ ಬರುವುದಿಲ್ಲ. ಹಾಗಾಗಿ ನೂಲು ಮುಗಿದದ್ದು ಮಾದೇವಿಗೆ ಗೊತ್ತಾಗದೆ ಲಾಳಿ ಬರಿದೇ ಓಡುತ್ತದೆ, ನೇಯ್ಗೆ ಕೆಡುತ್ತದೆ, ಬಿಚ್ಚಿ ಮತ್ತೆ ನೇಯುತ್ತಾಳೆ. ಮಗಳು ನೋಡುತ್ತ ಕೂರುತ್ತಾಳೆ. ಸಂಜೆಯ ಬಸ್ಸಿಗೆ ಹೋಗುತ್ತಾಳೆ.

ಮಾನ್ಯರೇ, ನನಗೆ ಪರಿಹಾರ ಬೇಡ, ತನಿಖೆ ಬೇಡ, ಯಾರ ಅಮಾನತೂ ಬೇಡ. ನಿಮಗೆ ಬರೆಯಲು ಪುರುಸೊತ್ತು ಇರಲಿಕ್ಕಿಲ್ಲವೆಂದು ನಾನೇ ಬರೆದು ಕೊಡುತ್ತಿದ್ದೇನೆ: “ಮಾರ್ಚ್ ಎರಡನೆಯ ಗುರುವಾರ ಇಳಕಲ್ಲಿನಿಂದ ನವನಗರಕ್ಕೆ ಹೋದ ಬುತ್ತಿಯ ಬಿಳಿ ದಾರವನ್ನು ನಮ್ಮ ಕೌಂಟರಿನಲ್ಲಿ ಕತ್ತರಿಸಲಾಯಿತು. ಅದು ಕಸ್ತೂರಿಗೆ ಮುಟ್ಟಲಿಲ್ಲ.” ಇಷ್ಟೇ. ಕೆಳಗೆ ಸಹಿ ಮಾಡಿ, ಗೋಲ್ ಶಿಕ್ಕೆ ಒತ್ತಿ. ಕನ್ನಡದಲ್ಲಿಯೇ ಇರಲಿ. ಈ ಸಲ ನಾನು ಓದಿ ಹೇಳುವುದಿಲ್ಲ, ಅವಳೇ ಓದಿಕೊಳ್ಳಲಿ. ಕೌಂಟರಿಗೆ ಹಾಕಬೇಡಿ, ಆರೂವರೆ ಬಸ್ಸಿನ ಮುರ್ತುಜಸಾಬನ ಕೈಯಲ್ಲಿ ಕೊಟ್ಟು ಕಳಿಸಿ. ರವಿವಾರದೊಳಗೆ ಬಂದರೆ ಮಗಳೂ ಮನೆಯಲ್ಲಿರುತ್ತಾಳೆ.

ಇಂತಿ,
ಅರವತ್ತು ಶಬ್ದ ಕಲಿಸಿ, ಒಂದು ದಾರ ಓದಲಾರದೆ ಹೋದ ಮಾಸ್ತರ,
ಅನಂತ ಗಲಗಲಿ
ಇಳಕಲ್ಲ